ಮೇಯೋರ ಬಾಗಿಲು ತಟ್ಟಿದರೆ

ನಿನ್ನೆ ಮಧ್ಯಾಹ್ನ ನಮ್ಮ ಕಟ್ಟಡದ ಲಿಫ್ಟಿನ ಬಾಗಿಲು ತೆರೆದುಕೊಂಡಾಗ ಒಳಗಿನಿಂದ ದುಂಡುಮಲ್ಲಿಗೆಯ ವಾಸನೆ ಬಂತು. ಒಳಗೆ ಯಾರೂ ಇರಲಿಲ್ಲ. ಜಪಾನಿನ ಈ ಹಮಾಮತ್ಸು ಊರಿನ ಲಿಫ್ಟುಗಳಿಗೆ ಸಾಮಾನ್ಯವಾಗಿ ವಾಸನೆಯೇ ಇರುವುದಿಲ್ಲ. ಇದ್ದರೂ ಯಾರೋ ಮೀನು ಸುಟ್ಟದ್ದು, ಇಲ್ಲವೇ ನನ್ನ ಮನೆಯ ಇಂಗಿನ ಒಗ್ಗರಣೆ, ಅದಕ್ಕೆ ನಾನೇ ತಲೆ ತಗ್ಗಿಸಿ 'ಸುಮಿಮಾಸೆನ್', ಕ್ಷಮಿಸಿ, ಅನ್ನಬೇಕು. ಮಲ್ಲಿಗೆ ಎಲ್ಲಿಂದ ಬರಬೇಕು? ಯಾರೋ ಬಟ್ಟೆ ಒಗೆಯುವಾಗ ಹಾಕಿದ ಸೆಂಟಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಳಿಕೊಂಡು, ಮೆಟ್ಟಿಲು ಹತ್ತಿಕೊಂಡೇ ಮನೆಗೆ ಹೋದೆ. ನಗಬೇಡಿ. ಮೇಯೋರರನ್ನು ನೋಡಿದ್ದರೆ ನೀವೂ ಮೆಟ್ಟಿಲನ್ನೇ ಹತ್ತುತ್ತಿದ್ದಿರಿ.

ಮೇಯೋರ ಅಂದರೆ ಮೇಯರಮ್ಮ. ಫಿಲಿಪೀನ್ಸಿನ ಒಂದು ಪುಟ್ಟ ದ್ವೀಪದ ಊರಿಗೆ ಮೇಯರ್ ಆಗಿದ್ದವರು. ಕೆಲವು ವರ್ಷಗಳ ಹಿಂದೆ, ವಯಸ್ಸಾದ ಮೇಲೆ, ನಮ್ಮ ಮೇಲಿನ ಮಹಡಿಯಲ್ಲಿದ್ದ ಮಗಳ ಮನೆಗೆ ಬಂದು ಸೇರಿದರು. ಮಗಳು ಜೋಸಿ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದಳು. ಕಟ್ಟಡದ ಫಿಲಿಪಿನೋ ಮನೆಗಳವರೆಲ್ಲ ಮೇಯೋರ ಮೇಯೋರ ಎಂದು ಎದ್ದು ನಿಲ್ಲುತ್ತಿದ್ದುದರಿಂದ ನಾವೂ ಹಾಗೇ ಕರೆದೆವು. ಗಿಡ್ಡ ಹೆಂಗಸು, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹತ್ತಿರ ಬಂದರೆ ಮಲ್ಲಿಗೆಯ ಅತ್ತರು. ಅವರ ದೇಶದ ಹೂವೂ ನಮ್ಮ ದುಂಡುಮಲ್ಲಿಗೆಯೇ ಅಂತೆ. ಎದುರಾದವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದರೆ ಹೆಸರು, ಊರು, ಮನೆಯ ಕಾಯಿಲೆ ಕಸಾಲೆ ಎಲ್ಲ ಹೊರಬರುವ ತನಕ ಬಿಡುತ್ತಿರಲಿಲ್ಲ. ನಮ್ಮತ್ತೆಯ ಮಂಡಿನೋವಿನ ಬಗ್ಗೆ ನನಗಿಂತ ಹೆಚ್ಚು ವಿಚಾರಿಸಿಕೊಂಡವರು ಅವರು. ಬಹುಶಃ ನಾನು ವಿಚಾರಿಸಿದ್ದೇ ಕಡಿಮೆ ಅನ್ನಿ.

ಮಧ್ಯಾಹ್ನಗಳಲ್ಲಿ ಕೆಳಗಿನ ಬೆಂಚಿನ ಮೇಲೆ ಕೂತು ತನ್ನ ರಾಜಕೀಯವನ್ನು ಇಂಗ್ಲಿಷಿನಲ್ಲಿ ನನಗೆ ಬಿಚ್ಚಿಡುತ್ತಿದ್ದರು. ಮೊದಲು ಊರಿನಲ್ಲಿ ಅವರದೊಂದು ಔಷಧಿ ಅಂಗಡಿ. ಅಲ್ಲಿಂದ ಕೌನ್ಸಿಲರ್, ವೈಸ್ ಮೇಯರ್, ಆಮೇಲೆ ಸತತ ಮೂರು ಸಲ ಮೇಯರ್. ಅದಕ್ಕಿಂತ ಹೆಚ್ಚು ಒಟ್ಟಿಗೆ ಕೂರಲು ಅಲ್ಲಿನ ಕಾನೂನು ಬಿಡುವುದಿಲ್ಲವಂತೆ. ಹಾಗಾಗಿ ನಡುವೆ ಒಂದು ಅವಧಿಗೆ ಮನೆಯವರನ್ನೇ ಯಾರನ್ನಾದರೂ ಕೂರಿಸಿ ಕುರ್ಚಿಯನ್ನು ಬೆಚ್ಚಗಿಟ್ಟುಕೊಳ್ಳುವುದು ರೂಢಿ. ಕನ್ನಡಿಗರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಜೋಸಿಯನ್ನು ನಿಲ್ಲಿಸುವುದೆಂದು ಪೋಸ್ಟರೂ ಅಚ್ಚಾಗಿತ್ತು. ಗೋಡೆಯ ಮೇಲೆ ತನ್ನ ಮುಖ ನೋಡಿದವಳೇ ಜೋಸಿ ಜಪಾನಿನ ವಿಮಾನ ಹತ್ತಿಬಿಟ್ಟಳು. ಬದಲಿಗೆ ನಿಂತ ಮೇಯೋರರ ಅಣ್ಣನ ಮಗ ಗೆದ್ದ, ಗೆದ್ದವನು ಕುರ್ಚಿಯಿಂದ ಏಳಲೇ ಇಲ್ಲ. "ನೀನೇ ನಿಂತಿದ್ರೆ ನಾನು ಇಲ್ಲಿ ಬಂದು ನಿನ್ನ ಪಾತ್ರೆ ತೊಳೀಬೇಕಾಗಿರ್ಲಿಲ್ಲ" ಎಂದು ಮಗಳಿಗೆ ಆಗಾಗ ಚುಚ್ಚುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದುದು ಜೋಸಿಯೇ.

ಗೆಲ್ಲುವ ಗುಟ್ಟೇನು ಎಂದು ಒಮ್ಮೆ ಕೇಳಿದೆ. "ಸಾವಿನ ಮನೆ" ಅಂದರು.

ಅವರ ಕಡೆ ಸತ್ತವರನ್ನು ದಿನಗಟ್ಟಲೆ ಮನೆಯಲ್ಲಿಟ್ಟುಕೊಂಡು ಕಾಯುತ್ತಾರಂತೆ. ಪೆಟ್ಟಿಗೆಯ ಪಕ್ಕದಲ್ಲೇ ಇಸ್ಪೀಟು, ಕಾಫಿ, ಬಿಸ್ಕತ್ತು, ಹರಟೆ. ಸತ್ತವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಅಲ್ಲಿಗೆ ಮೊದಲು ಹೋಗಿ ಕೂತ ರಾಜಕಾರಣಿಯನ್ನು ಆ ಮನೆ ತಲೆತಲಾಂತರಕ್ಕೂ ಮರೆಯುವುದಿಲ್ಲವಂತೆ. ಅದಕ್ಕೇ ಎದುರಾಳಿಗಿಂತ ಮುಂಚೆ ತಲುಪಲು ಅವರು ಪಾದ್ರಿಯ ಅಡುಗೆಯವಳನ್ನೂ ಊರಿನ ಕ್ಷೌರಿಕನನ್ನೂ ಕೈಯಲ್ಲಿಟ್ಟುಕೊಂಡಿದ್ದರು. ಒಂದು ಸಲ ಆತುರ ಹೆಚ್ಚಾಗಿ, ಸಾಯುವ ಮೊದಲೇ ಒಬ್ಬ ಮುದುಕನ ಮನೆಗೆ ಹೋಗಿಬಿಟ್ಟರಂತೆ. ಆತ ಹಾಸಿಗೆಯಿಂದ ಎದ್ದು ಕೂತು, "ಇವತ್ತಲ್ಲ ಮೇಯೋರ, ಗುರುವಾರ ಬನ್ನಿ" ಅಂದನಂತೆ.

"ಆಮೇಲೆ?"

"ಗುರುವಾರ ಹೋದೆ. ಹೋಗದೆ ಇರ್ತೀನಾ? ಅವನು ಮಾತಿಗೆ ತಪ್ಪೋನಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

ಆ ಚಳಿಗಾಲದಲ್ಲಿ ನಗು ನಿಂತುಹೋಯಿತು. ನಮ್ಮದು ಹಳೆಯ ಕಟ್ಟಡ. ವಿದೇಶಿಯರನ್ನು ಬಿಟ್ಟರೆ ಉಳಿದವರೆಲ್ಲ ಒಂಟಿಯಾಗಿರುವ ಜಪಾನಿ ವೃದ್ಧರು. ಒಂದು ದಿನ ಮೇಯೋರ ಬಿಳಿ ಬಟ್ಟೆ ತೊಟ್ಟು, ಮುತ್ತಿನ ಸರ ಹಾಕಿಕೊಂಡು, ನಮ್ಮ ಮಹಡಿಯ ಕೊನೆಯಲ್ಲಿದ್ದ ಒಕಾಡಾ-ಸಾನ್ ಬಾಗಿಲು ತಟ್ಟಿದರು. ಮುದುಕರು ತೆರೆದರು. ಅವರ ಎರಡೂ ಕೈ ಹಿಡಿದುಕೊಂಡು ಮೇಯೋರ ಒಳಗೆ ಹೋದದ್ದನ್ನು ನಾನೇ ಕಂಡೆ. ಅದೇ ವಾರ ಸೈರನ್ ಹಾಕದ ಆಂಬುಲೆನ್ಸ್ ಬಂತು. ಒಕಾಡಾ-ಸಾನ್ ಅವರ ಅಂಚೆ ಡಬ್ಬಿಯ ಬಾಯಿಗೆ ಕಟ್ಟಡದವರು ಟೇಪು ಅಂಟಿಸಿದರು. ಇಲ್ಲಿ ಖಾಲಿಯಾದ ಮನೆಗೆ ಮಾಡುವುದು ಅಷ್ಟೇ. ಮುಂದಿನ ತಿಂಗಳು ಮೇಯೋರ ಕೆಳಗಿನ ಮಹಡಿಯ ಒಬ್ಬ ಅಜ್ಜಿಯ ಬಾಗಿಲು ತಟ್ಟಿದರು. ಆ ಡಬ್ಬಿಗೂ ಟೇಪು ಬಿತ್ತು. ಆಮೇಲೆ ಅಜ್ಜಿಯ ಎದುರು ಮನೆಯವರದಕ್ಕೆ.

ಇಷ್ಟಾದ ಮೇಲೆ ಕಟ್ಟಡದಲ್ಲಿ ಗುಸುಗುಸು ಹುಟ್ಟದೆ ಇರುತ್ತದೆಯೇ? ನಿವಾಸಿಗಳ ಸಂಘದ ಮುಖ್ಯಸ್ಥ ನಿಶಿಮುರಾ-ಸಾನ್, ಅವರೂ ಒಂಟಿ ಮುದುಕರೇ, ಜೋಸಿಯ ಬಾಗಿಲಲ್ಲಿ ನಿಂತು ಸೊಂಟ ಬಗ್ಗಿಸಿ ಬಗ್ಗಿಸಿ ಸುಮಿಮಾಸೆನ್ ಹೇಳಿ, ದಯವಿಟ್ಟು ತಾಯಿಯವರು ಯಾರ ಬಾಗಿಲನ್ನೂ ತಟ್ಟದ ಹಾಗೆ ನೋಡಿಕೊಳ್ಳಿ ಎಂದು ಬೇಡಿಕೊಂಡರು. ಮಕ್ಕಳು ಬಿಳಿ ಬಟ್ಟೆ ಕಂಡರೆ ಓಡುತ್ತಿದ್ದರು. ನನ್ನ ಗಂಡ ಪ್ರಶಾಂತ್ ಇಂಜಿನಿಯರು. "ವಯಸ್ಸಾದೋರು, ಚಳಿಗಾಲ. ಜಸ್ಟ್ ಕೋಇನ್ಸಿಡೆನ್ಸ್ ಕಣೇ, ಲಾಜಿಕ್ ಯೂಸ್ ಮಾಡು" ಅಂದ. ನಾನು ಲಾಜಿಕ್ ಯೂಸ್ ಮಾಡಿ ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟೆ. ಎಲ್ಲರ ಮನೆಗೆ ಹೋಗಲಿ, ನಮ್ಮ ಬಾಗಿಲೊಂದು ತಟ್ಟದಿದ್ದರೆ ಸಾಕು ತಂದೆ. ನಾಚಿಕೆಗೆಟ್ಟ ಪ್ರಾರ್ಥನೆ, ಆದರೆ ಮನೆಯಲ್ಲಿ ಒಂದೇ ಒಂದು ಮಗು ಇಟ್ಟುಕೊಂಡವರಿಗೆ ಬೇರೆ ಪ್ರಾರ್ಥನೆ ಎಲ್ಲಿ ಬರುತ್ತದೆ?

ಒಂದು ಶನಿವಾರ ಮಧ್ಯಾಹ್ನ ಬೆಲ್ಲಾಯಿತು. ಪಾರ್ಸೆಲ್ ಬರುವುದಿತ್ತು. ಪ್ರಶಾಂತ್ ಸಹಿ ಹಾಕಲು ಪೆನ್ನು ಹಿಡಿದುಕೊಂಡೇ ಬಾಗಿಲು ತೆಗೆದ. ಮಲ್ಲಿಗೆಯ ವಾಸನೆ ಅಡುಗೆಮನೆಯ ತನಕ ಬಂತು. ಬಂದು ನೋಡಿದರೆ ಬಿಳಿ ಬಟ್ಟೆ, ಮುತ್ತಿನ ಸರ. ನಮ್ಮ ಲಾಜಿಕ್ ಮಹಾಶಯ ಪೆನ್ನು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

ಮೇಯೋರ ಒಳಗೆ ಬಂದು ನನ್ನ ಎರಡೂ ಕೈ ಹಿಡಿದರು. ಅವರ ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಸೋಫಾದ ಮೇಲೆ ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮಗಳು ಅನ್ವಿ ನನ್ನ ಬೆನ್ನ ಹಿಂದೆ ಅಡಗಿದಳು. ಆಗ ಅವಳಿಗೆ ಆರು ತುಂಬಿತ್ತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಹೇಳುವ ಹುಡುಗಿ. ನನ್ನ ಕುರ್ತಾ ಎಳೆದು ಪಿಸುಗುಟ್ಟಿದಳು: "ಅಮ್ಮಾ, ಈಸ್ ಇಟ್ ಮೀ?"

ನನ್ನ ಭಯ ಹೋಗಿ ಎಲ್ಲಿಲ್ಲದ ಸಿಟ್ಟು ಉಕ್ಕಿತು. "ಯಾರಿಗಾಗಿ ಬಂದಿದೀರ? ಹೇಳಿ. ಹೇಳೋಕಾಗ್ದಿದ್ರೆ ಎದ್ದು ನಡೀರಿ" ಎಂದು ಕಿರುಚಿದೆ. ಹಿರಿಯರ ಮುಂದೆ ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು.

ಅವರು ಬೆಪ್ಪಾಗಿ ನನ್ನನ್ನೇ ನೋಡಿದರು. "ಯಾರಿಗಾಗಿ ಅಂದ್ರೆ? ನನಗಾಗಿ. ವೋಟು ಕೇಳೋಕೆ ಬಂದೆ ಮಗಳೇ."

ನಿಧಾನವಾಗಿ ಹೇಳಿದರು. ಡಾಕ್ಟರು ಹೃದಯದ ಬಗ್ಗೆ ಏನೋ ಹೇಳಿ ಬಹಳ ದಿನವಾಗಿತ್ತು. ಇಲ್ಲಿ ಸತ್ತರೆ ತಣ್ಣನೆಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿ ಆಮೇಲೆ ಸುಟ್ಟುಬಿಡುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಜೋಸಿಗೆ ಪಾಳಿ, ಬೇರೆ ಫಿಲಿಪಿನೋಗಳಿಗೂ ಪಾಳಿ. "ನಮ್ಮೂರಲ್ಲಿ ಯಾರ್ಯಾರ ಪಕ್ಕದಲ್ಲೋ ಕೂತೆ. ನನ್ನ ಪಕ್ಕ ಯಾರು ಕೂರ್ತಾರೆ? ಅದಕ್ಕೇ ಮನೆ ಮನೆಗೆ ಹೋಗಿ ಕೇಳ್ತಿದೀನಿ. ಒಕಾಡಾ-ಸಾನ್ ಬರ್ತೀನಿ ಅಂದ್ರು. ಕೆಳಗಿನ ಅಜ್ಜಿ ಬರ್ತೀನಿ ಅಂದ್ರು. ಎದುರು ಮನೆಯೋರೂ ಅಂದ್ರು. ಈಗ ನೋಡು, ನನ್ನ ವೋಟರ್‌ಗಳೆಲ್ಲ ನನಗಿಂತ ಮುಂಚೆ ಹೊರಟುಹೋದ್ರು. ಅದಕ್ಕೇ ಈ ಸಲ ವಯಸ್ಸು ಚಿಕ್ಕದಿರೋ ಮನೆಗೆ ಬಂದೆ."

ಪ್ರಶಾಂತ್ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬರ್ತೀನಿ ಅಂದೆ. ಅವರು ಗೆದ್ದ ಅಭ್ಯರ್ಥಿಯ ಹಾಗೆ ಅನ್ವಿಯ ಕೈಯನ್ನೂ ಕುಲುಕಿ, ನಾನು ಕೊಟ್ಟ ಕಾಫಿ ಕುಡಿದು ಹೊರಟರು.

ಮರುವಾರವೇ ಹೋಗಿಬಿಟ್ಟರು. ಸುದ್ದಿ ಕೇಳಿ ದಾವಣಗೆರೆಯಿಂದ ಅತ್ತೆ ಫೋನು ಮಾಡಿದರು. "ಹೆಣದ ಹತ್ರ ಹೋಗ್ಬೇಡ ಕಣೇ, ಮನೇಲಿ ಮಗು ಇದೆ. ಅವರೇನು ನಮ್ಮೋರಾ?" ನಾನು, "ವೋಟು ಕೊಟ್ಟಾಗಿದೆ ಅತ್ತೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಶವಾಗಾರದ ಚಿಕ್ಕ ಹಾಲಿನಲ್ಲಿ ಕುರ್ಚಿಗಳು ಸಾಲಾಗಿ ಖಾಲಿ ಇದ್ದವು. ಜೋಸಿ ಮತ್ತು ನಾನು, ಇಬ್ಬರೇ. ಇನ್ನೂ ಯಾರಾದರೂ ಬರುವವರಿದ್ದಾರೆಯೇ ಎಂದು ಅಲ್ಲಿನವರು ಮೆತ್ತಗೆ ಕೇಳಿದಾಗ ಜೋಸಿ ನೆಲ ನೋಡಿದಳು. ಬೆಳಿಗ್ಗೆಯಿಂದ ಮಧ್ಯಾಹ್ನ ಬಾಗಿಲು ಹಾಕುವವರೆಗೂ ಕೂತಿದ್ದೆವು. ಅವಳು ಎದ್ದಾಗ ನಾನು, ನಾನು ಎದ್ದಾಗ ಅವಳು, ಹೇಗೋ ಒಬ್ಬರು ಪಕ್ಕದಲ್ಲಿದ್ದೆವು. ಇಸ್ಪೀಟು ನನಗೆ ಬರುವುದಿಲ್ಲ. ಹಾಗಾಗಿ ಅತ್ತೆಯ ಮಂಡಿನೋವಿನ ಸಮಾಚಾರವನ್ನೇ ಮೇಯೋರರಿಗೆ ಗಟ್ಟಿಯಾಗಿ ಹೇಳಿದೆ.

ಹೊರಗೆ ಬಂದ ಮೇಲೆ ನೇರ ಮನೆಗೆ ಹೋಗುವಂತಿಲ್ಲ ಅಂದಳು ಜೋಸಿ. ಹೋದರೆ ಸತ್ತವರು ಹಿಂದೆಯೇ ಬರುತ್ತಾರಂತೆ, ನಡುವೆ ಎಲ್ಲಾದರೂ ಹೊಕ್ಕು ಅವರನ್ನು ಅಲ್ಲೇ ಬಿಟ್ಟು ಬರಬೇಕಂತೆ. ಹಗಲೂ ರಾತ್ರಿ ತೆರೆದಿರುವ ಹತ್ತಿರದ ಕೊಂಬಿನಿ ಅಂಗಡಿಗೆ ಹೊಕ್ಕೆವು. ತಂತಾನೆ ಸರಿಯುವ ಬಾಗಿಲು ತನ್ನ ಟಿಂಗ್-ಟಿಂಗ್ ರಾಗ ಹಾಡಿತು. ಕೌಂಟರಿನ ಹುಡುಗಿ ತಲೆಯೆತ್ತದೆ "ಇರಶ್ಶೈಮಾಸೆ" ಎಂದು ಸ್ವಾಗತಿಸಿದಳು. ನಾವು ಚಹಾದ ಬಾಟಲಿಗಳ ಮುಂದೆ ನಿಂತಿದ್ದಾಗ ಬಾಗಿಲು ಮತ್ತೆ ಹಾಡಿತು. ತಿರುಗಿ ನೋಡಿದೆ. ಯಾರೂ ಇಲ್ಲ. "ಇರಶ್ಶೈಮಾಸೆ" ಅಂದಳು ಹುಡುಗಿ. ಬಾಗಿಲು ಮುಚ್ಚಿಕೊಂಡು ಮತ್ತೆ ತೆರೆಯಿತು. "ಇರಶ್ಶೈಮಾಸೆ." ಮತ್ತೆ. ಮಟಮಟ ಮಧ್ಯಾಹ್ನ, ಹೊರಗೆ ಗಾಳಿಯೂ ಇರಲಿಲ್ಲ. ಮೇಯೋರರಿಗೆ ಬರ್ತೀನಿ ಅಂದಿದ್ದವರನ್ನು ನಾನು ಮನಸ್ಸಿನಲ್ಲೇ ಎಣಿಸಿದೆ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಜೋಸಿ ಬಾಟಲಿ ಎದೆಗವಚಿಕೊಂಡು ಅತ್ತಳು. ಅಳುತ್ತಲೇ ನಕ್ಕಳು.

"ಅಮ್ಮ ಯಾವತ್ತೂ ಒಬ್ಬಳೇ ಎಲ್ಲೂ ಹೋದವಳಲ್ಲ" ಅಂದಳು. "ಹಿಂದೆ ಜನ ಇದ್ದೇ ಇರೋರು."

ಸೆನ್ಸರ್ ಕೆಟ್ಟಿರಬೇಕು ಅಂದ ಪ್ರಶಾಂತ್, ಮನೆಯಲ್ಲಿ. ಇರಬಹುದು. ಜೋಸಿ ಆಮೇಲೆ ಬೇರೆ ಊರಿಗೆ ಹೋದಳು. ನನಗೆ ಮಾತ್ರ ಆ ಖಾಲಿ ಕುರ್ಚಿಗಳ ಸಾಲು ಕಣ್ಣಿಂದ ಹೋಗಲಿಲ್ಲ. ನಾಳೆ ನಾನು ಸತ್ತರೆ ಗಂಡ, ಮಗಳನ್ನು ಬಿಟ್ಟು ನನಗಿಲ್ಲಿ ಯಾರಿದ್ದಾರೆ? ಊರಿನಲ್ಲಿರುವ ನನ್ನ ಅಮ್ಮನಿಗೆ ವೀಸಾ ಸಿಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಿನ್ನೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ ಅಂದೆನಲ್ಲ, ನೇರ ಮನೆಗೇನೋ ಹೋದೆ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ಇವತ್ತು ಬೆಳಿಗ್ಗೆ ಅನ್ವಿಯನ್ನು ಶಾಲೆಗೆ ಕಳಿಸಿ, ಇದ್ದದ್ದರಲ್ಲಿ ಒಳ್ಳೆಯ ಸೀರೆಯುಟ್ಟು ಹೋಗಿ ನಿಶಿಮುರಾ-ಸಾನ್ ಬಾಗಿಲು ತಟ್ಟಿದೆ. ಈಗ ಅವರು ಬಹಳ ಬಾಗಿಹೋಗಿದ್ದಾರೆ. ಬಾಗಿಲು ತೆರೆದು, ನನ್ನನ್ನೂ ನನ್ನ ಸೀರೆಯನ್ನೂ ನೋಡಿ ಬಿಳಿಚಿಕೊಂಡರು.

"ನಾನಾ?" ಎಂದರು.

"ಅಲ್ಲ, ಅಲ್ಲ. ನಾನು. ನನಗಾಗಿ ಬಂದೆ" ಎಂದು ನನ್ನ ಹರಕು ಜಪಾನಿಯಲ್ಲಿ ಮೇಯೋರರ ವಿಷಯವನ್ನೂ ನನ್ನ ಬೇಡಿಕೆಯನ್ನೂ ಹೇಗೋ ಹೇಳಿ ಮುಗಿಸಿದೆ. ಎಷ್ಟು ಅರ್ಥವಾಯಿತೋ ಏನೋ. ಅವರು ಸೊಂಟ ಬಗ್ಗಿಸಿ ವಂದಿಸಿ, ಒಂದು ಸಾಧಾರಣ ಮದುವೆ ಕರೆಯೋಲೆಗೆ ಉತ್ತರ ಹೇಳುವಷ್ಟೇ ಸಹಜವಾಗಿ ಅಂದರು:

"ಸುಮಿಮಾಸೆನ್. ಅಷ್ಟು ಹೊತ್ತಿಗೆ ನಾನು ಸತ್ತಿರುತ್ತೇನೆ. ಆದರೆ ಖಂಡಿತ ಬರುತ್ತೇನೆ."