ಕದರಪ್ಪನಿಗೆ ಏನಿಷ್ಟ

ಪುರವರದ ಕದರಪ್ಪ ತೀರಿಕೊಂಡು ಎಂಟು ದಿನವಾಗಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಏನೇನು ಅಡುಗೆ ಎಂದು ಬರೆದುಕೊಳ್ಳಲು ಮಗಳು ಅನುಪಮಾ ನೋಟ್‌ಬುಕ್ ಹಿಡಿದು ಅಮ್ಮನ ಮುಂದೆ ಕೂತಳು. ಸತ್ತವರಿಗೆ ಇಷ್ಟವಾದದ್ದನ್ನು ಮೊದಲು ಎಡೆ ಇಟ್ಟು, ಆಮೇಲೆ ಬಂದವರಿಗೆ ಬಡಿಸುವುದು ಅಲ್ಲಿನ ಪದ್ಧತಿ. ಅಪ್ಪನಿಗೆ ಏನಿಷ್ಟ ಎಂದು ಕೇಳಿದಳು. ಗಂಗಲಕ್ಷ್ಮಿ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಮೂವತ್ತೆರಡು ವರ್ಷ ಬೇಯಿಸಿ ಹಾಕಿದವಳಿಗೆ ಗಂಡನಿಗೆ ಏನಿಷ್ಟವೆಂದು ಗೊತ್ತಿಲ್ಲ! ಏನು ಮಾಡಿದರೂ ಚೆನ್ನಾಗಿದೆ ಅನ್ನುತ್ತಿದ್ದರು, ಈಗ ಊರಿನವರೆದುರು ಏನಂತ ಎಡೆ ಇಡಲಿ ಎಂದು ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅನುಪಮಾಗೂ ನಾಚಿಕೆಯಾಯಿತು. ಶಿರಾದ ಅಂಗನವಾಡಿಯಲ್ಲಿ ಯಾವ ಮಗುವಿಗೆ ಏನು ಸೇರುತ್ತದೆಂದು ಬಾಯಿಪಾಠ ಹೇಳುವ ಅವಳು ಹೆತ್ತಪ್ಪನ ವಿಷಯದಲ್ಲಿ ಸೊನ್ನೆ.

ಕದರಪ್ಪನಿಗೆ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ. ಉಳಿದ ಹೊತ್ತೆಲ್ಲ ಬಡಿಸುವುದೇ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ರಕ್ತದಾನ ಶಿಬಿರ, ಎಲ್ಲಿ ನಾಲ್ಕು ಜನ ಉಣ್ಣಲು ಕೂರುತ್ತಾರೋ ಅಲ್ಲಿ ಟವೆಲ್ಲನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ ಹಿಡಿದು ಹಾಜರ್. ಕರೆಯದ ಮನೆಗೆ ಉಣ್ಣಲು ಹೋಗುವವರನ್ನು ಕಂಡಿದ್ದೇವೆ, ಬಡಿಸಲು ಹೋಗುತ್ತಿದ್ದವನು ಇವನೊಬ್ಬನೇ. ಮನೆಯಲ್ಲೂ ಅಷ್ಟೇ. ತಾಯಿ, ಮಗಳು ಉಂಡಾದ ಮೇಲೆ ಹೆಂಡತಿಯನ್ನೂ ಕೂರಿಸಿ, ತಾನೇ ಬಡಿಸಿ, ಅವಳು ಕೈ ತೊಳೆದ ಮೇಲೆ ತಟ್ಟೆ ಹಾಕಿಕೊಳ್ಳುತ್ತಿದ್ದ. ಅಕ್ಕಪಕ್ಕದ ಗಂಡಸರು ಆಡಿಕೊಂಡು ನಕ್ಕರು. ನಗಲಿ ಬಿಡಿ, ಅವರ ಹೆಂಡತಿಯರು ನಗಲಿಲ್ಲ.

ಇಷ್ಟು ಮನೆಯಲ್ಲಿ ಉಂಡವನ ರುಚಿ ಯಾರಿಗಾದರೂ ಗೊತ್ತಿರಲೇಬೇಕು ಎಂದು ಅನುಪಮಾ ಫೋನ್ ಹಿಡಿದಳು. ಹೊಳವನಹಳ್ಳಿಯ ಲಕ್ಷ್ಮೀದೇವಿ, ಇದನ್ನೂ ಕೇಳಬೇಕಾ, ಬೆಂಡೆಕಾಯಿ ಗೊಜ್ಜು ಅಂದಳು. ತನ್ನ ಮಗಳ ಮದುವೆಯಲ್ಲಿ ಮೂರು ಸಲ ಹಾಕಿಸಿಕೊಂಡು ಹೊಗಳಿದರಂತೆ, ಆವತ್ತಿನಿಂದ ಅವರ ಮನೆಯ ಪ್ರತಿ ಕಾರ್ಯಕ್ಕೂ ಆ ಗೊಜ್ಜು ತಪ್ಪಿಲ್ಲ. ಬಲಸಮುದ್ರದ ಕೊಲ್ಲಾಪುರಮ್ಮ ತೆಲುಗು ಬೆರೆತ ಮಾತಿನಲ್ಲಿ ಬದನೆಕಾಯಿ ಹುಳಿಯ ಹೆಸರು ಹೇಳಿದಳು. “ನಮ್ಮ ವಂಕಾಯ ಪುಲುಸಂಟೇ ಪ್ರಾಣ ಕಣಮ್ಮ ನಿಮ್ಮ ನಾಯನಕಿ!” ಮಧುಗಿರಿಯ ಮೇಷ್ಟ್ರು ಉಪ್ಪಿಟ್ಟು ಅಂದರು. ಸಂಜೆಯ ಹೊತ್ತಿಗೆ ಒಂಬತ್ತು ಮನೆ, ಒಂಬತ್ತು ತಿನಿಸು. ಒಬ್ಬರಿಗೂ ಅನುಮಾನವೇ ಇಲ್ಲ.

ಅನುಪಮಾಗೆ ಕುತೂಹಲ ಹುಳದಂತೆ ಕೊರೆಯತೊಡಗಿತು. ಮಾರನೆಯ ದಿನ ಕಾರ್ಯದ ಅಡುಗೆ ಮಾತಾಡಲು ಅಡುಗೆ ಭಟ್ಟ ಓಬಳಯ್ಯ ಬಂದಾಗ ಪಟ್ಟಿಯನ್ನು ಅವನ ಮುಂದೆ ಓದಿದಳು. ಆ ಮನೆಗಳ ಕಾರ್ಯಗಳಲ್ಲೆಲ್ಲ ಒಲೆಯ ಮುಂದೆ ಇದ್ದವನು ಅವನೇ. ಬೆಂಡೆಕಾಯಿ ಗೊಜ್ಜು ಅನ್ನುತ್ತಲೇ ಓಬಳಯ್ಯ ಮುಖ ಹುಳ್ಳಗೆ ಮಾಡಿಕೊಂಡ. ಅವತ್ತು ಅದು ಕಹಿಯಾಗಿತ್ತು, ಯಾರೂ ಮುಟ್ಟಿರಲಿಲ್ಲ ಎಂದ.

“ನಿಮ್ಮಪ್ಪ ಎಲ್ರೂ ಎದ್ದ ಮ್ಯಾಲೆ ಉಣ್ಣೋನು ಕಣವ್ವ. ಜನ ಬ್ಯಾಡ ಅಂತ ಬುಟ್ಟಿದ್ದೇ ತಳದಾಗೆ ಉಳ್ದಿರದು. ಮನೆಯೋರು ಸಪ್ಪಗಾಗ್ಬಾರ್ದು ಅಂತ ಅದನ್ನೇ ಕೇಳಿ ಕೇಳಿ ಹಾಕಿಸ್ಕೊಂಡು ಹೊಗಳೋನು.”

ಅಂದರೆ ಒಂಬತ್ತು ಮನೆಯವರೂ ಹೆಮ್ಮೆಯಿಂದ ಹೇಳಿದ್ದು ತಮ್ಮ ಮನೆಯಲ್ಲಿ ಕೆಟ್ಟ ಅಡುಗೆಯನ್ನು. ಅನುಪಮಾಗೆ ನಗು ಬಂತು, ನಗುತ್ತಲೇ ಅಳು ಬಂತು. ಹಾಗಾದರೆ ನಿಜವಾಗಿ ಏನಿಷ್ಟವಿತ್ತು ಎಂದಳು. ಓಬಳಯ್ಯ ತಲೆ ಕೆರೆದುಕೊಂಡ.

“ನಾನೂ ಕೇಳ್ಲಿಲ್ಲ ಕಣವ್ವ.”

ಬಾಗಿಲ ಹಿಂದೆ ಗಂಗಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಕಾರ್ಯದ ದಿನ ಅಡುಗೆ ಇಳಿಯಿತು. ಕದರಪ್ಪನ ಅಣ್ಣ ಬೈರಪ್ಪ ಫೋಟೋದ ಮುಂದೆ ಎಲೆ ಹಾಕಿ, ಏನು ಇಡಬೇಕೋ ತನ್ನಿ ಎಂದ. ಜನರೆಲ್ಲ ಕಾದು ನಿಂತಿದ್ದರು. ಗಂಗಲಕ್ಷ್ಮಿ ಬರಿಗೈಯಲ್ಲಿ ಬಂದು, ಮೊದಲು ಜನ ಉಣ್ಣಲಿ ಎಂದಳು. ಎಡೆ ಆಗದೆ ಎಂಜಲು ಮಾಡಬಾರದು, ಇದೆಲ್ಲಿಯ ಪದ್ಧತಿ ಎಂದು ಬೈರಪ್ಪ ರೇಗಿದ.

“ಬದುಕಿದ್ದಾಗ ಒಂದಿನಾನಾದ್ರೂ ಮೊದ್ಲು ಕೂತಿದ್ರಾ ಭಾವ? ಇವತ್ತು ಕೂರ್ಸುದ್ರೆ ಕೂರ್ತಾರಾ?”

ಬೈರಪ್ಪ ಎಲೆಯನ್ನು ಅಲ್ಲೇ ಬಿಟ್ಟು, ತಾನೇ ಒಂದು ಬಕೆಟ್ ಎತ್ತಿಕೊಂಡ.

ನಾಲ್ಕು ಪಂಕ್ತಿ ಎದ್ದವು. ಅನುಪಮಾ ಪ್ರತಿ ಸಾಲಿನಲ್ಲೂ ಓಡಾಡಿ ಬಡಿಸಿದಳು, ಕೊನೆಯವನು ಕೈ ತೊಳೆಯುವವರೆಗೆ. ಆಮೇಲೆ ತಾಯಿ ಮಗಳು ಪಾತ್ರೆಗಳನ್ನು ಬಗ್ಗಿಸಿ, ತಳದಲ್ಲಿ ಉಳಿದಿದ್ದ ಅನ್ನ, ಸ್ವಲ್ಪ ಪಲ್ಯ, ಯಾರೂ ಕೇಳದ ಮಜ್ಜಿಗೆಹುಳಿಯನ್ನು ಕದರಪ್ಪನ ಎಲೆಗೆ ಬಡಿಸಿದರು. ಅನುಪಮಾ ಕೈ ಮುಗಿದು ಎದ್ದಳು. ಅಮ್ಮ ಏಳಲಿಲ್ಲ. ಗಂಡನ ಎಲೆಯ ಪಕ್ಕಕ್ಕೆ ಇನ್ನೊಂದು ಎಲೆ ಎಳೆದುಕೊಂಡು, ತನಗೂ ಅದನ್ನೇ ಬಡಿಸಿಕೊಂಡು ಉಣ್ಣತೊಡಗಿದಳು. ಮೂವತ್ತೆರಡು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಊಟಕ್ಕೆ ಕೂತದ್ದು ಅದೇ ಮೊದಲು.