ಅಕ್ಕಿ ಡ್ರಮ್ಮಿನ ಕ್ಯಾಸೆಟ್ಟುಗಳು

ನಾವುಂದದ ಉಮಾನಾಥಣ್ಣ ಯಕ್ಷಗಾನದ ಇನ್ನೂರು ಕ್ಯಾಸೆಟ್ಟುಗಳನ್ನು ಅಕ್ಕಿ ಡ್ರಮ್ಮಿನಲ್ಲಿ ಹುಗಿದಿಟ್ಟಿದ್ದಾರೆ. ಕಡಲ ಗಾಳಿಗೆ ಟೇಪು ಬೂಷ್ಟು ಹಿಡಿಯುತ್ತದಂತೆ. ಭಾನುವಾರ ಬಂತೆಂದರೆ ಒಂದೊಂದನ್ನೂ ಹೊರತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಹುಗಿಯುತ್ತಾರೆ. "ಹ್ವಾಯ್, ಇವತ್ತ್ ಅಕ್ಕಿ ಬೇಯ್ಸುದಾ, ಕ್ಯಾಸೆಟ್ ಬೇಯ್ಸುದಾ?" ಎಂದು ಹೆಂಡತಿ ಗುಲಾಬಕ್ಕ ಕೂಗಿದರೂ ಲಕ್ಷ್ಯವಿಲ್ಲ. ಯಾರಿಗೂ ಕೊಡುವುದಿಲ್ಲ, ತಾವೂ ಟೇಪ್‌ರೆಕಾರ್ಡರಿಗೆ ಹಾಕಿ ಕೇಳುವುದಿಲ್ಲ. ಅದರಲ್ಲೊಂದು, ಮೇಳದ ವ್ಯಾನು ಮಗುಚಿ ಸತ್ತ ತಮ್ಮ, ಭಾಗವತ ಸಂಜೀವನ ಪದ್ಯಗಳದ್ದು. ಆ ದನಿ ಬೇರೆಲ್ಲೂ ಇಲ್ಲ. ಮೊನ್ನೆ ನನಗೆ ತಡೆಯಲಾಗಲಿಲ್ಲ. "ಹೆಣ ಕಾದಾಂಗ್ ಕಾಯ್ತ್ರಿ, ಒಂದ್ಸಲ ಹಾಕೂಕ್ ಎಂತ ರೋಗ?" ಎಂದು ಬೈದೇಬಿಟ್ಟೆ. ಉಮಾನಾಥಣ್ಣ ಮೊಣಕೈವರೆಗೆ ಕೈಯಿಳಿಸಿ ಆ ಕ್ಯಾಸೆಟ್ಟನ್ನು ಅಕ್ಕಿಯ ತಳದಲ್ಲಿಟ್ಟು ಹೇಳಿದರು: "ಹಾಕಿರೆ, ಅವ್ನ್ ದನಿ ಉಳ್ದಿತ್ತಾ, ಹೋಯ್ತಾ ಅಂದೇಳಿ ಗೊತ್ತಾತ್ತಲೆ ಮಾರಾಯ."