ಜಗಲಿ ಗೋಡೆಯ ಎಂಟು ಗುರುತು

ಈಗೀಗ ಯಾವ ಪರದೆ ತೆರೆದರೂ ಕೆಳಗೊಂದು ನೀಲಿ ಸಾಲು ಕಾಣುತ್ತದೆ: ‘ಪಾಸ್‌ವರ್ಡ್ ಮರೆತಿರಾ?’ ಎಷ್ಟು ಮರ್ಯಾದೆಯ ಪ್ರಶ್ನೆ ನೋಡಿ. ನನ್ನ ವಯಸ್ಸಿನವನ ಮರೆವನ್ನು ಮನುಷ್ಯರು ಯಾರೂ ಇಷ್ಟು ನಯವಾಗಿ ವಿಚಾರಿಸುವುದಿಲ್ಲ. ನಿನ್ನೆ ಬೆಳಿಗ್ಗೆ ಪಿಂಚಣಿಯ ಯಾವುದೋ ಕಾಗದ ನೋಡಲು ಕೂತವನು ಮೂರು ಸಲ ತಪ್ಪು ಒತ್ತಿ, ಆ ಸಾಲನ್ನೇ ನೋಡುತ್ತ ಸುಮ್ಮನಾದೆ. ಹೌದಪ್ಪಾ, ಮರೆತೆ. ಹೋದ ತಿಂಗಳು ಇಟ್ಟದ್ದು ಮರೆತೆ, ಮೊನ್ನೆ ಬದಲಾಯಿಸಿದ್ದೂ ಮರೆತೆ. ಆದರೆ ಎಷ್ಟೋ ವರ್ಷದ ಹಿಂದಿನ ಒಂದು ಪಾಸ್‌ವರ್ಡ್ ಮಾತ್ರ ಎಂಟಕ್ಕೆ ಎಂಟೂ ಗುರುತು ನೆನಪಿದೆ. ಅದರಿಂದ ಈಗ ಯಾವ ಪ್ರಯೋಜನವೂ ಇಲ್ಲ.

ಆಗ ನಾನು ತಮಿಳು ಸೀಮೆಗೆ ಸೇರಿದ, ಗುಡ್ಡದ ಮೇಲಿನ ತಾಳವಾಡಿಯ ಕನ್ನಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಹೊಸೂರಿನ ಕಡೆಯಿಂದ ಬಂದವನು, ನಲವತ್ತು ದಾಟಿದ್ದವನು, ಮದುವೆಯ ಮಾತು ನಿಂತುಹೋಗಿದ್ದವನು. ಶಿವಮಲ್ಲಪ್ಪನವರೆಂಬ ಜಮೀನುದಾರರ ಮನೆಗೆ ಅಂಟಿಕೊಂಡ ಎರಡು ಕೋಣೆ, ಮುಂದೊಂದು ಜಗಲಿ ನನ್ನ ಬಿಡಾರ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಮರುದಿನ ಬೆಳಗಿನ ಹಾಜರಿಯವರೆಗೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನನಗೆ ಯಾರ ಸಹವಾಸವೂ ಬೇಡ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಸಹವಾಸ ಬೇಕೆಂದು ಯಾರೂ ಬಂದಿರಲಿಲ್ಲ ಎಂಬುದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನೊಂದು ಲ್ಯಾಪ್‌ಟಾಪ್ ಕೊಂಡೆ, ಟೆಲಿಫೋನಿನ ತಂತಿಯಲ್ಲೇ ಇಂಟರ್‌ನೆಟ್ ಹಾಕಿಸಿದೆ. ಆ ತಂತಿ ಅಟ್ಟದ ಮೇಲೆ ಹಾದು ಮೇಜಿಗೆ ಬರಬೇಕಿತ್ತು. ಅಟ್ಟದ ಇಲಿಗಳು ಅದನ್ನು ಎರಡು ಸಲ ಕಡಿದವು. ಮೂರನೆಯ ಸಲ ಬಂದ ಲೈನ್‌ಮ್ಯಾನ್, ಕೆಳಗಿನ ಬಯಲುಸೀಮೆಯ ತಮಿಳಿನವನು, ತಲೆ ಕೊಡವಿ ಎರಡು ಕೊಂಬಿನ ಒಂದು ಪೆಟ್ಟಿಗೆ ತಂದಿಟ್ಟ. ‘ಇನಿಮೇಲೆ ತಂತಿಯೇ ಬೇಡ ಸಾರ್, ಎಲ್ಲ ಗಾಳಿಯಲ್ಲೇ’ ಎಂದ. ಪಾಸ್‌ವರ್ಡ್ ಒಂದನ್ನು ತಾನೇ ಇಟ್ಟ. ಇದು ಗುಟ್ಟು, ಯಾರಿಗೂ ತಿಳಿಯಬಾರದು ಎಂದು ದನಿ ತಗ್ಗಿಸಿ ಎಚ್ಚರಿಸಿದ. ಆಮೇಲೆ ಬರೆದುಕೊಳ್ಳಲು ಕಾಗದ ಸಿಗದೆ, ಬಡಗಿಯ ಪೆನ್ಸಿಲಿನಿಂದ ಜಗಲಿಯ ಗೋಡೆಯ ಮೇಲೆ, ಕರೆಂಟಿನ ಮೀಟರಿನ ಪಕ್ಕ, ಗೇಣುದ್ದದ ಅಕ್ಷರಗಳಲ್ಲಿ ಬರೆದು ಹೊರಟುಹೋದ.

ನೀವು ನಗಬೇಡಿ. ಆ ಕಡೆ ಏನಿದ್ದರೂ ಬರೆಯುವುದು ಜಗಲಿಯ ಗೋಡೆಯ ಮೇಲೇ. ಹಸುವನ್ನು ಹೋರಿಗೆ ಬಿಟ್ಟ ದಿನ, ಬೋರ್‌ವೆಲ್‌ನವನ ನಂಬರು, ಬೀಗರು ಬರುವ ವಾರ, ಎಲ್ಲವೂ ಅಲ್ಲೇ. ದೀಪಾವಳಿಗೆ ಸುಣ್ಣ ಬಿದ್ದಾಗ ಎಲ್ಲ ಅಳಿಸಿಹೋಗಿ ಹೊಸದಾಗಿ ಶುರುವಾಗುತ್ತದೆ. ನನ್ನ ಗುಟ್ಟಂತೂ ಬಟ್ಟಬಯಲಲ್ಲಿ ಭದ್ರವಾಗಿಯೇ ಇತ್ತು. ಅದನ್ನು ಕದ್ದು ಬಳಸುವುದಕ್ಕೆ ಬೀದಿಯಲ್ಲಿ ಇನ್ನೊಂದು ಯಂತ್ರ ಇರಬೇಕಲ್ಲ.

ಜಗಲಿಯ ಮುಂದೆ ದಿನಾ ಸಗಣಿನೀರು ಹಾಕಿ ರಂಗೋಲಿ ಬಿಡುತ್ತಿದ್ದವಳು ರಾಚಮ್ಮ. ಪಕ್ಕದ ತಿಗನಾರೆ ಊರಿನವಳು, ಗಂಡ ತೀರಿಕೊಂಡ ಮೇಲೆ ನಮ್ಮ ಬೀದಿಯ ಹಿಂದಿನ ಕೇರಿಗೆ ಬಂದು ಕೂಲಿ ಮಾಡುತ್ತಿದ್ದಳು. ಒಂಟಿ ಗಂಡಸಿನ ಮನೆಗೆ ರಂಗೋಲಿ ಏಕೆಂದು ನಾನು ಮೊದಲೇ ಕೇಳಿದ್ದೆ. ‘ಬಾಗ್ಲಲ್ಲಿ ರಂಗೋಲಿ ಇಲ್ದಿದ್ರ ಸಾವಾಗಿರ ಮನ ಅಂತಾರ ಮೇಷ್ಟ್ರೇ’ ಎಂದು ಶಿವಮಲ್ಲಪ್ಪನವರು ನನ್ನ ಬಾಯಿ ಮುಚ್ಚಿಸಿದ್ದರು. ಅವಳು ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ನಾನು ನೀನು ಎನ್ನುತ್ತಿದ್ದೆ, ಅವಳು ನೀವು ಎನ್ನುತ್ತಿದ್ದಳು. ಬೀದಿಯ ರೂಢಿ ಹಾಗಿತ್ತು. ಜಗಲಿಯಿಂದ ಒಳಕ್ಕೆ ಅವಳು ಬಂದವಳಲ್ಲ, ಬಾ ಎಂದು ನಾನೂ ಕರೆದವನಲ್ಲ.

ಇಂಟರ್‌ನೆಟ್ಟಿನಲ್ಲಿ ನಾನು ಮಾಡುತ್ತಿದ್ದ ಘನಕಾರ್ಯ ಚದುರಂಗ. ಎದುರಾಳಿ ಯಾವ ದೇಶದವನೋ, ಗಂಡಸೋ ಹೆಂಗಸೋ ತಿಳಿಯದು. ಹೆಸರಿನ ಜಾಗದಲ್ಲಿ ಒಂದು ಮರದ ಹೆಸರು, ಎರಡು ಅಂಕಿ, ಅಷ್ಟೆ. ಒಂದೊಂದು ನಡೆಗೆ ಮೂರು ದಿನ ಗಡುವು. ಒಮ್ಮೆ ಆ ಕಡೆಯಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಇಲ್ಲಿ ಹಿಮ ಬೀಳುತ್ತಿದೆ ಎಂದು. ಇಲ್ಲಿ ಹೊಲಕ್ಕೆ ಆನೆ ಬಂದಿದೆ ಎಂದು ನಾನು ಬರೆದೆ. ಉತ್ತರ ಬರಲಿಲ್ಲ, ತಮಾಷೆ ಎಂದುಕೊಂಡಿರಬೇಕು. ಆದರೂ ನಾನು ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಲೋಕದಲ್ಲಿ ಒಬ್ಬರು ತಮ್ಮ ಕಿಟಕಿಯಾಚೆ ಕಂಡದ್ದನ್ನು ನನಗೆ ಹೇಳಬೇಕೆಂದುಕೊಂಡಿದ್ದರು.

ಆ ವರ್ಷದ ದೀಪಾವಳಿಗೆ ಮುಂಚೆ ಲ್ಯಾಪ್‌ಟಾಪಿಗೆ ವೈರಸ್ ಹಿಡಿಯಿತು. ಚಾಮರಾಜನಗರಕ್ಕೆ ಕಳಿಸಿದೆ. ಅಲ್ಲಿಯವರು ಒಳಗಿದ್ದುದನ್ನೆಲ್ಲ ತೊಳೆದು, ಹಬ್ಬದ ಸಂಜೆ ಹಸುಗೂಸಿನ ಹಾಗೆ ಏನೂ ತಿಳಿಯದ ಯಂತ್ರವನ್ನು ವಾಪಸು ಕಳಿಸಿದರು. ಅದಕ್ಕೆ ಪಾಸ್‌ವರ್ಡೂ ಮರೆತಿತ್ತು. ನಾನಂತೂ ಅದನ್ನು ನೆನಪಿಡಲು ಹೋದವನೇ ಅಲ್ಲ. ಗೋಡೆಯ ಮೇಲಿದೆಯಲ್ಲ ಎಂದು ಮರುದಿನ ಬೆಳಿಗ್ಗೆ ಜಗಲಿಗೆ ಬಂದು ನೋಡಿದರೆ ಹೊಸ ಸುಣ್ಣ ಕಣ್ಣು ಕುಕ್ಕುತ್ತಿತ್ತು.

ಎದುರಾಳಿಯ ನಡೆಯನ್ನು ನಾನು ಬ್ರೌಸಿಂಗ್ ಸೆಂಟರಿನಲ್ಲಿ ನೋಡಿ ಬಂದಿದ್ದೆ. ಮನೆಯಲ್ಲಿ ನಿಧಾನವಾಗಿ ಯೋಚಿಸಿ ಉತ್ತರ ಕೊಡೋಣವೆಂದು ಗಡುವನ್ನು ಕೊನೆಯವರೆಗೂ ಎಳೆದಿದ್ದೆ. ಅದು ಅಂದು ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತಿತ್ತು. ಸೆಂಟರಿನವನು ಬಾಗಿಲು ಹಾಕಿಕೊಂಡು ಗುಮಟಾಪುರದ ಸಗಣಿ ಎರಚಾಡುವ ಹಬ್ಬಕ್ಕೆ ಹೋಗಿದ್ದ. ಲೈನ್‌ಮ್ಯಾನ್ ಊರಿಗೆ ಇಳಿದಿದ್ದ, ಅವನ ಫೋನು ಹತ್ತಲಿಲ್ಲ. ಪೆಟ್ಟಿಗೆಯ ಹಿಂದಿನ ತೂತಿಗೆ ಸೂಜಿ ಚುಚ್ಚಿದರೆ ಎಲ್ಲ ಅಳಿದು, ಆಫೀಸಿನವರೇ ಬಂದು ಮತ್ತೆ ಕೂರಿಸಬೇಕಾಗುತ್ತದೆ ಎಂದು ಅವನೇ ಹೆದರಿಸಿದ್ದ. ಸೋಲು ದೊಡ್ಡದಲ್ಲ, ನಾನು ಎಷ್ಟೋ ಸೋತವನು. ಆಟ ನಿಂತರೆ ಆ ಮನುಷ್ಯ ಹೋಗಿಬಿಡುತ್ತಾನೆ, ಹುಡುಕಲು ನನ್ನ ಬಳಿ ವಿಳಾಸವಿಲ್ಲ, ಅದೇ ಭಯ.

ಗೋಡೆಯನ್ನು ಅಂಗೈಯಿಂದ ಸವರುತ್ತ ನಿಂತಿದ್ದಾಗ ರಾಚಮ್ಮ ಬಂದಳು. ಒಗೆದ ಸೀರೆ, ಕಂಕುಳಲ್ಲಿ ಬಟ್ಟೆಯ ಗಂಟು.

‘ಏನ್ ಮೇಷ್ಟ್ರೇ, ಗ್ವಾಡನ ಯಾಕಂಗ ಸವರ್ತಿದ್ದರಿ?’

‘ಇಲ್ಲಿ ಬರೆದಿದ್ದು ಎಲ್ಲಿ ಹೋಯ್ತು?’

‘ಹಬ್ಬಕ್ಕ ನಾನೇ ಸುಣ್ಣ ಒಡುದ್ನಲ್ಲ. ಅಳಿಸ್ಲಾ ಅಂತ ನಿಮ್ಮನ್ನ ಕೇಳ್ದೆ. ಊಂ ಅಂದ್ರಿ.’

ಅಂದಿದ್ದೆ. ಯಾವುದೋ ನಡೆಯ ಯೋಚನೆಯಲ್ಲಿ, ತಲೆ ಎತ್ತದೆ, ಹೂಂ ಎಂದಿದ್ದೆ. ಅದು ಚೆನ್ನಾಗಿ ನೆನಪಿದ್ದೂ ನಾನು ಹೇಳಿದ್ದು ಬೇರೆ: ‘ನಾನ್ಯಾವಾಗ ಅಂದೆ? ಓದೋಕೆ ಬರೋಲ್ಲ ಅಂತ ಕಂಡದ್ದನ್ನೆಲ್ಲ ಬಳಿದುಬಿಡೋದಾ?’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ತಿಗನಾರಗ ಓಗ್ಬೇಕಿತ್ತು ಮೇಷ್ಟ್ರೇ. ಅಕ್ಕ ಬಂದಿರ್ತಾಳ. ಅನ್ನೆಲ್ಡ್ ಗಂಟ ಬಸ್ಸು’ ಎಂದಳು. ಹನ್ನೆರಡರದು ತಪ್ಪಿದರೆ ಸಂಜೆಯವರೆಗೆ ಆ ಕಡೆಗೆ ಬಸ್ಸಿರಲಿಲ್ಲ. ಅಕ್ಕನ ವಿಷಯ ಮೊದಲೂ ಒಮ್ಮೆ ಹೇಳಿದ್ದಳು. ಕೆಳಗಿನ ಬಯಲುಸೀಮೆಯ ಇಟ್ಟಿಗೆ ಗೂಡಿನಲ್ಲಿ ದುಡಿಯುವವಳು, ವರ್ಷಕ್ಕೊಮ್ಮೆ ಈ ಒಂದು ದಿನ ಊರಿಗೆ ಬಂದು, ಮಧ್ಯಾಹ್ನ ಎರಡರ ಬಸ್ಸಿಗೆ ಹಿಂದಿರುಗುವವಳು. ನನಗೆ ಎಲ್ಲ ಗೊತ್ತಿತ್ತು.

‘ಅದ್ರಲ್ಲಿ ಅಂತಾದ್ದೇನಿತ್ತು?’ ಎಂದು ಕೇಳಿದಳು.

‘ಒಬ್ಬರು ಕಾಯ್ತಾ ಇದಾರೆ. ಒಂದು ಗಂಟೆ ಒಳಗೆ ನಾನು ಸಿಗದಿದ್ರೆ ಮತ್ತೆ ಸಿಗೋಲ್ಲ.’

‘ಸಿಗಲ್ವಾ?’

ಅವಳ ಮುಖ ಬದಲಾಯಿತು. ಆಸ್ಪತ್ರೆಯಲ್ಲಿ ಯಾರೋ ಮಲಗಿದ್ದಾರೆ ಎಂದುಕೊಂಡಳೋ ಏನೋ. ನಾನು ತಿದ್ದಲಿಲ್ಲ. ಗಂಟನ್ನು ಜಗಲಿಯ ಮೇಲಿಟ್ಟು, ರಂಗೋಲಿಯ ಕರಟ ತೆಗೆದುಕೊಂಡು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಳು. ‘ಬರಿಯಕ ಬರಲ್ಲ ನಂಗ. ಆದ್ರ ದಿನಾ ಎದುರ್ಗೇ ಇದ್ದದ್ದು, ಕಣ್ಲಿ ಕುಂತದ. ತಡೀರಿ’ ಎಂದು ಕಣ್ಣು ಮುಚ್ಚಿದಳು.

ಮೊದಲು ಒಂದು ಕುರ್ಚಿ ಬಂತು. ಲೆಕ್ಕದ ಮೇಷ್ಟ್ರಾದ ನನಗೆ ಅದು ಇಂಗ್ಲಿಷಿನ ಚಿಕ್ಕ ಎಚ್ ಎಂದು ಹೊಳೆಯಲು ಎರಡು ನಿಮಿಷ ಹಿಡಿಯಿತು. ಆಮೇಲೆ ಒಂದು ಹಾವು, ಒಂದು ಕುಡುಗೋಲು. ಒಂದನ್ನು ಬಿಡುವುದು, ದೂರ ಸರಿದು ನೋಡುವುದು, ಅಂಗೈಯಿಂದ ಅಳಿಸಿ ಮತ್ತೆ ಬಿಡುವುದು. ನಾನು ಗಡಿಯಾರ ನೋಡುತ್ತಿದ್ದೆ. ದನ ನೀರು ಕುಡಿಯುವ ತೊಟ್ಟಿ, ಒತ್ತೊತ್ತಿಗೆ ಎರಡು ಗುಡ್ಡ. ಅಷ್ಟು ಹೊತ್ತಿಗೆ ಬೀದಿಯ ತಿರುವಿನಲ್ಲಿ ತಿಗನಾರೆಯ ಬಸ್ಸು ಹಾರನ್ ಹೊಡೆಯಿತು. ನಮ್ಮಿಬ್ಬರಿಗೂ ಕೇಳಿಸಿತು. ಅವಳ ಕೈ ಒಂದು ಗಳಿಗೆ ನಿಂತಿತು. ಓಡಿದ್ದರೆ ಸಿಗುತ್ತಿತ್ತು. ನಾನು, ‘ಮುಂದಿನದು?’ ಎಂದೆ.

ಮಡಕೆಯಂಥದ್ದೊಂದು ಬಂತು, ಎಂಟೂ ಆದವು. ಒಳಗೆ ಓಡಿ ಒತ್ತಿದೆ. ತಪ್ಪು ಎಂದಿತು. ಹೊರಗೆ ಬಂದು ಬೈಯುವ ದನಿಯಲ್ಲೇ, ‘ಆ ಮಡಕೆ ಸರಿಯಾಗಿ ಬಿಟ್ಟಿದೀಯಾ?’ ಎಂದೆ. ಓ ಅಕ್ಷರವೆಂದು ನಾನು ಒತ್ತಿದ್ದು ಅದನ್ನೇ.

‘ಮಡ್ಕ ಅಲ್ಲ ಮೇಷ್ಟ್ರೇ, ಗುಂಡಗಿರ್ನಿಲ್ಲ ಅದು. ಕೋಳಿ ಮೊಟ್ಟ ನಿಲ್ಸುದಂಗಿತ್ತು.’

ಸೊನ್ನೆ ಒತ್ತಿದೆ. ಪೆಟ್ಟಿಗೆ ಒಪ್ಪಿಕೊಂಡಿತು. ಹನ್ನೆರಡೂ ಇಪ್ಪತ್ತು. ಕುದುರೆಯನ್ನು ನಡೆಸಿ ಉಸಿರು ಬಿಟ್ಟೆ.

ಅವಳು ಹೊಸ್ತಿಲಾಚೆ ನಿಂತು ಇಣುಕುತ್ತಿದ್ದಳು. ‘ಸಿಕ್ಕುದ್ರಾ?’

‘ಸಿಕ್ಕಿದರು.’

‘ಯಾರು, ನೆಂಟ್ರಾ?’

‘ಹೂಂ, ನೆಂಟರು.’

‘ಚೆಂದಾಗವ್ರಾ?’

‘ಚೆನ್ನಾಗಿದಾರೆ.’

‘ಸದ್ಯ’ ಎಂದು ಕೈಗಂಟಿದ ಪುಡಿ ಕೊಡವಿ ಗಂಟು ಎತ್ತಿಕೊಂಡಳು. ಎತ್ತ ಹೋದಳೋ ನಾನು ನೋಡಲಿಲ್ಲ. ಪರದೆಗೆ ಬೆಳಕು ಹೊಡೆಯುತ್ತದೆಂದು ಬಾಗಿಲು ಮುಂದೆ ಮಾಡಿಕೊಂಡೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ರಂಗೋಲಿ ಬಿಟ್ಟು ಎದ್ದಾಗಲೆಲ್ಲ, ‘ನೆಂಟ್ರು ಚೆಂದಾಗವ್ರಾ ಮೇಷ್ಟ್ರೇ?’ ಆ ಆಟವನ್ನು ನಾನು ಅದೇ ತಿಂಗಳು ಸೋತೆ. ಇನ್ನೊಂದು ಆಟಕ್ಕೆ ಕರೆದರೆ ಆ ಕಡೆಯಿಂದ ಉತ್ತರವೇ ಇಲ್ಲ. ಒಂದು ದಿನ ನೋಡಿದರೆ ಆ ಮರದ ಹೆಸರೂ ಇರಲಿಲ್ಲ. ಅಷ್ಟು ಹೊತ್ತಿಗೆ ರಾಚಮ್ಮನ ಬಾಯಲ್ಲಿ ನೆಂಟರು ಬೇರೂರಿಬಿಟ್ಟಿದ್ದರು. ಚೆನ್ನಾಗಿದಾರೆ ಎನ್ನುತ್ತಿದ್ದೆ. ಆಮೇಲೆ ಬರೀ ಅಷ್ಟೇ ಹೇಳಲು ನಾಚಿಕೆಯಾಗಿ, ನೆಂಟರಿಗೆ ಜ್ವರ ಬರಿಸಿದೆ, ವಾಸಿ ಮಾಡಿದೆ, ಮಗಳ ಮದುವೆಯನ್ನೂ ಮಾಡಿಸಿದೆ. ಮದುವೆಗೆ ನೀವು ಯಾಕೆ ಹೋಗಲಿಲ್ಲ ಎಂದು ಅವಳು ಕೇಳಿದಾಗ ಪರೀಕ್ಷೆಯ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ನಾನು ಆ ಪ್ರಶ್ನೆಗೆ ಕಾಯುತ್ತಿದ್ದೆ. ಆ ಊರಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದೊಂದನ್ನೇ.

ಅವಳು ಅಂದು ಊರು ಮುಟ್ಟಿದಳೇ, ಅಕ್ಕ ಸಿಕ್ಕಳೇ ಎಂದು ನಾನು ಕೇಳಲಿಲ್ಲ. ಮೊದಲ ವಾರ ಕೇಳಲು ಮುಖವಿರಲಿಲ್ಲ. ಆಮೇಲೆ ಕೇಳುವ ಹೊತ್ತು ಮೀರಿತು ಎನ್ನಿಸಿತು. ಎರಡು ವರ್ಷದ ಮೇಲೆ ವರ್ಗವಾಯಿತು, ಸಾಮಾನು ಕಟ್ಟಿಕೊಂಡು ಬಂದುಬಿಟ್ಟೆ.

ನಿನ್ನೆ ಆ ನೀಲಿ ಸಾಲಿನ ಮುಂದೆ ಕೂತಿದ್ದಾಗ ಇದೆಲ್ಲ ಬಂದು ಎದೆಯ ಮೇಲೆ ಕೂತಿತು. ಪಿಂಚಣಿಯ ಕಾಗದ ಅಲ್ಲೇ ಬಿಟ್ಟು ಶಿವಮಲ್ಲಪ್ಪನವರಿಗೆ ಫೋನ್ ಮಾಡಿದೆ. ವಯಸ್ಸಾದ ದನಿ, ಆದರೂ ಗುರುತು ಹಿಡಿದರು. ರಾಚಮ್ಮನ ವಿಷಯ ಕೇಳಿದೆ. ‘ಅವ್ಳಾ? ಇಲ್ಲೇ ಅಂಗ್ಳದಲ್ಲಿ ಅವರೆಕಾಯಿ ಬುಡಿಸ್ತಾವ್ಳ, ತಕಳಿ ಕೊಟ್ಟಿ’ ಎಂದು ಅವಳಿಗೇ ಫೋನು ಕೊಟ್ಟುಬಿಟ್ಟರು. ನಾನು ಏನೂ ಸಿದ್ಧ ಮಾಡಿಕೊಂಡಿರಲಿಲ್ಲ.

‘ಯಾರು, ಮೇಷ್ಟ್ರಾ?’ ಎಂದು ಅವಳು ಕೂಗಿಯೇ ಮಾತಾಡಿದಳು. ‘ಎಲ್ಲವ್ರಿ? ನೆಂಟ್ರು ಚೆಂದಾಗವ್ರಾ?’

‘ರಾಚಮ್ಮ, ಆ ದಿನ ಅಕ್ಕ ಸಿಕ್ಕಿದ್ರಾ ನಿಮಗೆ?’ ಎಂದೆ.

ಯಾವ ದಿನ ಎಂದು ಅವಳು ಕೇಳಲಿಲ್ಲ. ‘ಬಸ್ಸು ಓಗಿತ್ತಲ್ಲ, ನಡ್ಕಂಡೇ ಓದೆ. ಊರು ಇನ್ನೊಂದ್ ವಸಿ ದೂರ ಇತ್ತು, ಅವ್ಳ ಬಸ್ಸು ಎದುರ್ಗ ಬಂತು. ಕಿಟ್ಕೀಲಿ ಕೈ ಬೀಸುದ್ಲು. ನಾನೂ ಬೀಸ್ದೆ. ಆಮ್ಯಾಕ ಅವ್ಳು ಬರ್ನೇ ಇಲ್ಲ ಮೇಷ್ಟ್ರೇ, ಅಲ್ಲೇ ಇಟ್ಟಿಗ ಗೂಡ್ತಾವೇ ತೀರೋಗ್ಬುಟ್ಲು.’

ಅದರಲ್ಲಿ ದೂರಿರಲಿಲ್ಲ. ಅದಕ್ಕೇ ಇನ್ನು ತಡೆಯಲಾಗಲಿಲ್ಲ. ‘ಅವರು ನೆಂಟರಲ್ಲ ರಾಚಮ್ಮ. ಅದೊಂದು ಆಟ. ಕೂತು ಆಡೋ ಮಣೆ ಆಟ. ಎದುರಿಗೆ ಯಾರಿದ್ರೋ ನನಗೂ ಗೊತ್ತಿಲ್ಲ. ಜ್ವರ, ಮದುವೆ, ಎಲ್ಲ ಸುಳ್ಳು’ ಎಂದುಬಿಟ್ಟೆ.

‘ಆಟ್ವಾ?’

ಆ ಕಡೆ ಕೋಳಿಯೊಂದನ್ನು ಯಾರೋ ಅಟ್ಟುವುದು ಕೇಳಿಸಿತು. ಆಮೇಲೆ ಕೇಳಿದಳು:

‘ಗೆದ್ರಾ?’

‘ಇಲ್ಲ. ಸೋತೆ.’

‘ಅಷ್ಟೆಲ್ಲ ಮಾಡೂ ಸೋತ್ಬುಟ್ರಾ!’

ಅದು ನಗುವೋ ಸಿಟ್ಟೋ ನನಗೆ ತಿಳಿಯಲಿಲ್ಲ. ಫೋನನ್ನು ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ. ಕ್ಷಮಿಸಿ ಎನ್ನುವುದು ತೀರಾ ಸಣ್ಣ ಮಾತೆನ್ನಿಸಿ, ಅಕ್ಕನ ಹೆಸರೇನು ಎಂದು ಕೇಳಿದೆ.

‘ಈಗ ಕೇಳ್ತಿದ್ದರಲ್ಲ ಮೇಷ್ಟ್ರೇ’ ಎಂದಳು. ಹೆಸರು ಹೇಳಿದಳು: ‘ದೊಡ್ತಾಯಿ.’ ಆಮೇಲೆ ಅಕ್ಕನ ವಿಷಯ ಹೇಳತೊಡಗಿದಳು. ನಾನು ಕೇಳುತ್ತ ಕೂತೆ.